ಪಡಸಾಲೆಗೆ ಹಾಕುವ ಕಲ್ಲು

ಹಳಿಯಾಳ
೧೨-೨-೧೯೬೩

ಪ್ರೀತಿಯ ಮಾಲಕ್ಕನಿಗೆ ತಮ್ಮನ ನಮಸ್ಕಾರ.

ನೀನು, ಮಾವ, ಕೂಸು ಹೇಗಿದ್ದೀರಿ? ಕ್ಯಾಸಲ್‌ರಾಕ್‌ನ ಚಳಿಗೆ ಹತ್ತಿದ ಕೂಸಿನ ನೆಗಡಿ ಕಡಿಮೆಯಾಯಿತೇ? ದಾಂಡೇಲಿಯಲ್ಲಿ ಬಿದಿರು ಹೇರುವ ಕೆಲಸ ಬಿಟ್ಟು ನಾನು ಮನೆಗೆ ಬಂದಿದ್ದೇನೆ. ಶಾಲೆ ಬಿಟ್ಟಂತೆ ಇದನ್ನೂ ಬಿಟ್ಟನೆಂದು ಬೈಯಬೇಡ.

ಅಜ್ಜನ ಹೆಸರಿನ ಕಲ್ಲು ಹಾಕುವ ದಿನ ಕೂಸನ್ನು ಕರೆದುಕೊಂಡು ಬರುತ್ತೇನೆಂದು ಬರೆದಿದ್ದೀಯಲ್ಲ, ಅದರ ಸುದ್ದಿ ಕೇಳು. ಹೋದ ವಾರ ಧಾರವಾಡದಿಂದ ಕಲ್ಲು ಹಾಕಿಸುವ ಸಂಘದವರು ಮನೆ ನೋಡಲು ಬಂದಿದ್ದರು. ಹಾಡಿ ಆಡುವ ಇಷ್ಟು ಸಣ್ಣಾಟ ಬರೆದ ನಾಗಲಿಂಗಪ್ಪನವರು ಎಲ್ಲಿ ಕೂತು ಬರೆಯುತ್ತಿದ್ದರು ಎಂದು ಕೇಳಿದರು. ಅಪ್ಪ ಪಡಸಾಲೆ ತೋರಿಸಿದ. ಕಂಬಕ್ಕೆ ಒರಗಿ ಹೀಗೆ ಕೂಡುತ್ತಿದ್ದ ಎಂದು ಕೂತೂ ತೋರಿಸಿದ. ನನಗೆ ತಡೆಯಲಾಗಲಿಲ್ಲ. “ಇಲ್ಲರಿ, ಕಡೀ ಆಟ ಬರದದ್ದು ದನದ ಕೊಟ್ಟಿಗ್ಯಾಗ. ಕ್ಷಯ ಹತ್ತಿದ ಮ್ಯಾಲೆ ಅಜ್ಜನ್ನ ಪಡಸಾಲಿಗೆ ಬಿಟ್ಟಿದ್ದಿಲ್ಲ,” ಅಂದೆ. ಅಪ್ಪ ಕಂಬ ಬಿಟ್ಟು ಎದ್ದ. ಅವ್ವ ಒಳಗಿನಿಂದಲೇ, “ಸಾಲಿ ಕಲಿಯಾಕ ಬರಲಿಲ್ಲ, ಮನಿ ಮಾನ ಕಳಿಯಾಕ ಬರ್ತೈತಿ,” ಅಂದಳು.

ಅಜ್ಜ ಬರೆದ ಹಾಳೆ ಎಲ್ಲಿ ಎಂದು ಅವರು ಕೇಳಿದರೆ ಅಪ್ಪ ಗೆದ್ದಲು ತಿಂದವು ಅಂದ. ಅದನ್ನೂ ನಾನು ಬಿಡಲಿಲ್ಲ. ರೋಗ ಬಟ್ಟೆಯಲ್ಲಿ, ಕಾಗದದಲ್ಲಿ ಕೂತಿರುತ್ತದೆಂದು ಹೆದರಿ, ಮಣ್ಣು ಮಾಡಿ ಬಂದ ದಿನವೇ ಅಜ್ಜ ಹೊದೆಯುತ್ತಿದ್ದ ಕೌದಿಯ ಜೊತೆ ಎಲ್ಲ ಹಾಳೆಗಳನ್ನೂ ಹಿತ್ತಲಲ್ಲಿ ಸುಟ್ಟರೆಂದು ಹೇಳಿದೆ. ನೀನು ಎದೆಗವುಚಿಕೊಂಡಿದ್ದ ಕಟ್ಟನ್ನು ಅವ್ವ ಕಸಿದುಕೊಂಡದ್ದು ನನಗೆ ಮರೆತಿಲ್ಲ. ಆ ಬೆಂಕಿಯ ಸಿಟ್ಟು ನನ್ನಲ್ಲಿ ಇಂದಿಗೂ ಆರಿಲ್ಲ.

ಸಂಘದ ಹಿರಿಯರು ಚಹಾ ಮುಗಿಸಿ ಏಳುತ್ತ, “ಅದೆಲ್ಲಾ ಬರಿಯಾಕ ಕಲ್ಲಿನ ಮ್ಯಾಲೆ ಜಾಗಾ ಸಾಲಂಗಿಲ್ಲ, ತಮ್ಮಾ,” ಅಂದರು. ಕಲ್ಲು ಪಡಸಾಲೆಗೇ ಬರುತ್ತದೆ.

ಕೊಟ್ಟಿಗೆಗೆ ಅಜ್ಜನ ರೊಟ್ಟಿ ಒಯ್ಯುತ್ತಿದ್ದವಳು ನೀನೊಬ್ಬಳೇ. ಆತ ಬಾಗಿಲಲ್ಲೇ ತಡೆದು, “ಅಲ್ಲೇ ಇಟ್ಟು ದೂರ ನಿಂದರವಾ,” ಅನ್ನುತ್ತಿದ್ದ. ದೂರ ನಿಂತೇ ನೀನು ಆತನ ಹಾಡು ಕಲಿತೆ. ಈಗ ಉಳಿದದ್ದು ಅಷ್ಟೇ. ಅವನ್ನು ಕೂಸಿಗೆ ಕಲಿಸು. ಆದರೆ ಕಲ್ಲು ಹಾಕುವ ದಿನ ಬರಬೇಡ.

ಮಾವನಿಗೆ ನನ್ನ ನಮಸ್ಕಾರ ತಿಳಿಸು. ಕೂಸಿನ ತಲೆ ನೇವರಿಸಿ ಸೋದರಮಾವ ಕೇಳಿದನೆಂದು ಹೇಳು.

ನಿನ್ನ ತಮ್ಮ
ಶೇಖಪ್ಪ

ತಾ. ಕ.: ಅಪ್ಪನ ಮೇಲಿನ ಸಿಟ್ಟಿಗೆ ಬರಬೇಡ ಅಂದೆನೆಂದು ತಿಳಿಯಬೇಡ. ಬಿದಿರಿನ ಕೆಲಸ ಬೇಸರಕ್ಕೆ ಬಿಟ್ಟದ್ದಲ್ಲ. ಕೆಮ್ಮಿದಾಗ ರಕ್ತ ಬಿತ್ತು. ಅವ್ವ ನಿನ್ನೆಯಿಂದ ನನ್ನ ತಾಟು ಬೇರೆ ಇಟ್ಟಿದ್ದಾಳೆ. ಅಳುತ್ತಲೇ ಕೊಟ್ಟಿಗೆ ಸಾರಿಸಿಕೊಟ್ಟಳು. ಅಲ್ಲಿ ಕೂತೇ ಇದನ್ನು ಬರೆದೆ. ಓದಿದ ಮೇಲೆ ಒಲೆಗೆ ಹಾಕು, ಅಕ್ಕಾ. ಕೂಸಿನ ಕೈಗೆ ಕೊಡಬೇಡ.