ಬಿಚ್ಚಿ ಹೊಲಿದ ನಿಘಂಟು

ಮನೆಯಿಂದ, ಭಾನುವಾರ
ಜೂನ್ ೯

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೇ? ನೀನು ಫೋನಿನಲ್ಲಿ ಅಮ್ಮನೊಡನೆ ಮಾತಾಡುವಾಗ ನಾನು ಪಕ್ಕದಲ್ಲೇ ಕೂತು ನಿನ್ನ ಕೆಮ್ಮು ಎಣಿಸುತ್ತಿರುತ್ತೇನೆ. ಫೋನು ನನ್ನ ಕೈಗೆ ಬಾರದೆ ಎರಡು ವರ್ಷವಾಯಿತು. ನಾನೂ ಕೇಳಿಲ್ಲ, ನೀನೂ ಕರೆದಿಲ್ಲ. ನನಗೆ ಬೆನ್ನು ನೋವು, ಕಣ್ಣು ಮಂಜು. ಸುಸ್ತೊಂದು ಬಿಟ್ಟರೆ ಮಿಕ್ಕಂತೆ ಆರೋಗ್ಯವೇ.

ಶಾಲೆಯವರಿಂದ ಇಂಗ್ಲಿಷ್ ನಿಘಂಟು ಬೈಂಡ್ ಮಾಡುವ ಕೆಲಸ ಬಂದಿತ್ತು, ಮುನ್ನೂರು ಪ್ರತಿ. ನಾನೂ ಅಮ್ಮನೂ ಉದ್ದ ಮೇಜಿನ ಸುತ್ತ ನಡೆಯುತ್ತ, ಮಡಿಸಿದ ಹದಿನಾರು ಪುಟದ ಫಾರಂಗಳನ್ನು ರಾಶಿರಾಶಿಯಿಂದ ಒಂದೊಂದೇ ಎತ್ತಿ ಜೋಡಿಸುತ್ತಿದ್ದೆವು. 'ಟೇಕ್' ಅನ್ನುವ ಕ್ರಿಯಾಪದ ಇದೆಯಲ್ಲ, ಅದೊಂದೇ ನಾಲ್ಕು ಪುಟ ತಿಂದಿದೆ ಮಾರಾಯ್ತಿ! ನಾವು ಮಾತ್ರೆ ನುಂಗುತ್ತೇವೆ, ಬಸ್ಸು ಹಿಡಿಯುತ್ತೇವೆ, ಫೋಟೋ ತೆಗೆಯುತ್ತೇವೆ, ಸ್ನಾನ ಮಾಡುತ್ತೇವೆ. ಅವರಿಗೆ ಎಲ್ಲಕ್ಕೂ ಟೇಕ್. ದೊಡ್ಡ ಮನೆಗೆ ಒಬ್ಬಳೇ ಸೊಸೆ ಇದ್ದ ಹಾಗೆ, ಪಾಪ, ಎಲ್ಲ ಕೆಲಸವೂ ಅದರ ತಲೆಗೇ. ನಾಲ್ಕನೇ ಕ್ಲಾಸಿನವನು ನಾನು, ಪ್ರತಿ ಸುತ್ತಿಗೂ ಆ ರಾಶಿಯ ಮುಂದೆ ನಿಂತು ಒಂದೊಂದು ಸಾಲು ಓದಿದೆ. ಇನ್ನೊಬ್ಬರ ತಪ್ಪು ಹೊರುವುದಕ್ಕೂ ಅದೇ ಪದವಂತೆ. ಆ ಸಾಲು ದಾಟಿ ಮುಂದೆ ಹೋಗಲಾಗಲಿಲ್ಲ. ಸುತ್ತಿ ಬಂದು ಅದನ್ನೇ ಓದಿದೆ. ಕಣ್ಣು ಅಲ್ಲಿ ನಿಂತರೂ ಕೈ ನಿಲ್ಲಲಿಲ್ಲ. ನಲವತ್ತು ಪ್ರತಿಗಳಲ್ಲಿ ಅದೇ ಫಾರಂ ಎರಡೆರಡು ಸೇರಿ, ಮುಂದಿನದು ಬಿಟ್ಟೇಹೋಗಿತ್ತು. ಹೊಲಿಗೆಯಾದ ಮೇಲೆ ಗೊತ್ತಾಯಿತು. ಅಮ್ಮ ಬಿಟ್ಟಾಳೆಯೇ? "ಕೈಗೆ ಕೆಲ್ಸ ಕೊಟ್ರೆ ಕಣ್ಣು ಊರು ಸುತ್ತೋಕೆ ಹೋಯ್ತಾ?" ಅಂದಳು. ಮೂರು ದಿನ ಕೂತು ದಾರ ಕತ್ತರಿಸಿ, ಬಿಚ್ಚಿ, ಮತ್ತೆ ಹೊಲಿದೆವು. ಬೆರಳು ಮಡಚಲು ಬರುತ್ತಿಲ್ಲ.

ಬಿಚ್ಚುವಾಗ ನಿನ್ನದೇ ನೆನಪು. ಎರಡು ವರ್ಷದ ಹಿಂದೆ ಅದೇ ಶಾಲೆಯ ಗಣಿತದ ಪುಸ್ತಕದಲ್ಲಿ ಹೀಗೇ ಆದಾಗ ಹೆಡ್ಮೇಷ್ಟ್ರ ಮುಂದೆ ನಿನ್ನ ಮೇಲೆ ಹಾರಿಬಿದ್ದೆ: "ಇಲ್ಲಿ ಓದೋಕ್ ಬಂದಿದ್ಯಾ, ಕೆಲ್ಸ ಮಾಡೋಕಾ?" ನೀನು ಅಂಟಿನ ಕೈ ತೊಳೆದುಕೊಂಡೆ. ವಾರದೊಳಗೆ ಲೈಬ್ರರಿ ಕೆಲಸ ಹಿಡಿದು ಊರು ಬಿಟ್ಟೆ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ
ಅಪ್ಪ

ಬರೆಯಲು ಮರೆತೆ. ಇಲ್ಲ, ಮರೆತಿರಲಿಲ್ಲ. ಅಂದು ಗಣಿತದ ಒಂದೇ ಫಾರಂನ ಎರಡು ರಾಶಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟವನು ನಾನು. ನಾನಿಟ್ಟಂತೆ ನೀನು ಎತ್ತಿದೆ, ಅಷ್ಟೇ. ಹೆಡ್ಮೇಷ್ಟ್ರು ಬಾಗಿಲು ದಾಟಿ ಹೊರಹೋಗುವ ಮೊದಲೇ ನನಗದು ತಿಳಿದಿತ್ತು. ನಿನ್ನೆ ನಿಘಂಟು ಒಪ್ಪಿಸಲು ಹೋದಾಗ ಅವರಿಗೆ ಹೇಳಿದೆ. "ಹೋಗ್ಲಿ ಬಿಡಿ, ಹಳೇ ವಿಷ್ಯ" ಅಂದರು. ನೀನು ಹಾಗೆ ಬಿಟ್ಟುಬಿಡಬೇಡ. ಬಯ್ದಾದರೂ ಒಂದು ಸಾಲು ಬರೆ.