ಎಡಗಣ್ಣಿನ ಹಳದಿ

ಅಪ್ಪ,

ಹೋದ ತಿಂಗಳು ರಾಮನಗರದಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆದರು. ಮಂಜಾಗಿದ್ದ ಮಸೂರ ತೆಗೆದು ಹೊಸ ಲೆನ್ಸು ಕೂರಿಸಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ, ಒಂಚೂರೂ ನೋಯಲಿಲ್ಲ.

ಇವತ್ತು ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸಲು ಕೂತವಳು ಕೂಗಿಯೇಬಿಟ್ಟೆ. ಬಲಗಣ್ಣಿಗೆ ಗೂಡು ಮಲ್ಲಿಗೆಯಷ್ಟು ಬಿಳಿ. ಅದನ್ನು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಅದೇ ಗೂಡು ಹಳದಿ! "ಪೊರೆ ಬಂದ ಕಣ್ಣಿಗೆ ಬಿಳೀದೂ ಹಳದಿಯಾಗೇ ಕಾಣುತ್ತಮ್ಮ" ಎಂದು ಡಾಕ್ಟರಮ್ಮ ಹೇಳಿದ್ದು ಈಗ ಅರ್ಥವಾಯಿತು.

ನೀನು ತೀರಿಕೊಂಡ ವರ್ಷದ ಬೆಳೆ ನೆನಪಾಯಿತು. "ಬಿಳಿಗೂಡಿನ ಹುಳ ಅಂದ್ಬುಟ್ಟು ಹಳದಿಗೂಡಿಂದು ಕೊಟ್ಟವ್ರೆ ಕಣ್ ಪುಟ್ಟಿ, ಮೋಸ ಆಗೈತೆ!" ಎಂದು ನೀನು ಅಂಗಳದ ತುಂಬ ಕೂಗಾಡಿದ್ದೆ. ಮಂಕರಿ ತುಂಬ ಬಿಳಿಗೂಡು ಇಟ್ಟುಕೊಂಡು ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಾವು ನಕ್ಕಿದ್ದು ನೋಡಿ ನೀನೂ ನಕ್ಕು ಗೂಡು ಬಿಡಿಸಲು ಕೂತೆ.

ಮುಂದಿನ ವಾರ ಎಡಗಣ್ಣಿಗೂ ಆಪರೇಷನ್. ಅಲ್ಲಿಯವರೆಗೆ ಗೂಡೆಲ್ಲ ಎಡಗಣ್ಣಲ್ಲೇ ನೋಡಿ ಬಿಡಿಸುತ್ತೇನೆ. "ಏನವ್ವ, ಒಳ್ಳೆ ಕಣ್ಣ ಮುಚ್ಕಂಡು ಕೂತಿದ್ದೀಯಲ್ಲ?" ಎಂದು ಮಗಳು ನಗುತ್ತಾಳೆ. ನಾನೂ ನಗುತ್ತೇನೆ.

ಹಳದಿಯೇ ಕಣಪ್ಪ. ಅಪ್ಪಟ ಹಳದಿ.