ಮುಂಚೆ ಫೋನ್ ಮಾಡಬೇಡ

ಮಾರ್ಚ್ ೩

ಮೊಂಡಿ ತಂಗಿಗೆ,

ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದು ನಿನ್ನ ಅತ್ತಿಗೆ. ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನಿಗೆ ಇದೊಂದು ಶಿಕ್ಷೆ. ಫೋನಿನಲ್ಲಿ ಹೇಳೋಣವೆಂದರೆ ನಾನು ದನಿ ಏರಿಸುವ ಮೊದಲೇ ಕಟ್ ಮಾಡುತ್ತೀಯ. ಕಾಗದವನ್ನು ಹರಿದರೂ ಓದಿಯೇ ಹರಿಯುತ್ತೀಯ, ನನಗೆ ಗೊತ್ತು. ಅತ್ತಿಗೆಯ ಹತ್ತಿರ ನನ್ನ ಆಶೀರ್ವಾದ ಕೇಳಿ ಕಳಿಸಿದ್ದೆ, ಉತ್ತರ ತಡವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಅತ್ತಿಗೆಯ ಮಂಡಿನೋವು ಹಾಗೇ ಇದೆ, ಅವಳ ಬಾಯಿಯೂ ಹಾಗೇ ಇದೆ.

ಬಿಟ್ಟಿದ್ದ ಸಮಾಜಸೇವೆಯ ಕೆಲಸಕ್ಕೆ ಮತ್ತೆ ಸೇರುತ್ತೀಯಂತೆ, ಅದೇ ಮಕ್ಕಳ ರಕ್ಷಣೆ ವಿಭಾಗ. "ನಿಮ್ಮಂಥ ಅನುಭವಸ್ಥರಿಗೆ ತರಬೇತಿ ಯಾಕ್ರೀ, ನೇರವಾಗಿ ಮನೆ ಭೇಟಿ ಶುರು ಮಾಡಿ" ಅಂದರಂತೆ ನಿಮ್ಮ ಮೇಡಂ. ನೀನು ತಲೆಯಾಡಿಸಿ ಬಂದೆ. ಅತ್ತಿಗೆ ಕೇಳಿದ್ದಕ್ಕೆ, "ಅಲ್ಲಿ ಜನಾನೇ ಇಲ್ಲ ಅತ್ತಿಗೆ. ನಾನು ಮೂರು ತಿಂಗಳು ಕಲೀತಾ ಕೂತ್ರೆ ಆ ಮನೆಗಳಿಗೆ ಯಾರು ಹೋಗ್ತಾರೆ?" ಎಂದೆಯಂತೆ.

ಬಸ್ ಸ್ಟ್ಯಾಂಡಿನಲ್ಲಿ ಜನ ತುಂಬಿದ್ದಾರೆಂದು ಸ್ಟೀರಿಂಗನ್ನು ಯಾರ ಕೈಗಾದರೂ ಕೊಡುತ್ತಾರೇನೇ? ಕಣ್ಣಿನ ಆಪರೇಷನ್ ಆದಮೇಲೆ ಡಿಪೋದವರು ನನಗೆ ಖಾಲಿ ಬಸ್ಸು ಕೊಟ್ಟರು. ನಾನೇ ಸವೆಸಿದ ರೂಟು, ಪಕ್ಕದಲ್ಲಿ ಇನ್‌ಸ್ಪೆಕ್ಟರ್ ಕಾವಲು. ಸ್ಟಾಪಿನಲ್ಲಿ ಜನ ಕೈ ಅಡ್ಡ ಹಾಕಿ, "ಖಾಲಿ ಹೋಗ್ತಿದ್ದೀಯಲ್ಲೋ, ನಿಲ್ಸೋಕೇನು ರೋಗ?" ಎಂದು ಉಗಿಯುತ್ತಿದ್ದರು. ಕಿವಿ ಸುಡುತ್ತಿತ್ತು. ಆದರೂ ತಿಂಗಳಿಡೀ ಓಡಿಸಿದೆ. ಎಡಗಡೆ ಕನ್ನಡಿಯಲ್ಲಿ ನನಗೆ ದೂರ ಅಂದಾಜಾಗುತ್ತಿಲ್ಲ ಎಂದು ಗೊತ್ತಾಗಿದ್ದೇ ಆಗ.

ಹಿಂದೆ ಆ ಕೆಲಸದಲ್ಲಿದ್ದಾಗ ನೀನು ಯಾರ ಮನೆಗೆ ಹೋಗುವುದಿದ್ದರೂ ಮುಂಚೆ ಫೋನ್ ಮಾಡುತ್ತಿದ್ದೆ. ಅದು ಮರ್ಯಾದೆಯಂತೆ. ಆ ಹುಡುಗಿಯ ಮನೆಗೂ ಹಾಗೇ. ಫೋನ್ ಬಂದ ಕೂಡಲೇ ಅವಳ ಮಲತಂದೆ ನೆಲ ಒರೆಸಿ, ಅವಳ ತಲೆ ಬಾಚಿ, ತುಂಬುತೋಳಿನ ಅಂಗಿ ತೊಡಿಸಿ ಕೂರಿಸುತ್ತಿದ್ದ. ಕಡುಬೇಸಿಗೆಯಲ್ಲಿ ತುಂಬುತೋಳು. ನೀನು ಅವನೆದುರಿಗೇ, "ಚೆನ್ನಾಗಿದ್ದೀಯಾ ಪುಟ್ಟಾ?" ಎಂದು ಕೇಳಿದೆ. ಅವಳು ಹೂಂ ಅಂದಳು. ಅವನು ಕೊಟ್ಟ ಟೀ ಕುಡಿದು ಎದ್ದು ಬಂದೆ. ಕೊನೆಗೆ ಆ ತೋಳು ಮಡಿಸಿ ಬರೆ ನೋಡಿದ್ದು ಶಾಲೆಯ ಟೀಚರು. ನೀನು ರಾಜೀನಾಮೆ ಬಿಸಾಕಿ ಬಾಗಿಲು ಹಾಕಿಕೊಂಡೆ.

"ಈಗ ನಂಗೆ ಬುದ್ಧಿ ಬಂದಿದೆ" ಎನ್ನಬೇಡ. ಬಂದಿದೆಯೋ ಇಲ್ಲವೋ ಪಕ್ಕದಲ್ಲಿ ಕೂತವರು ಹೇಳಬೇಕು. ಕೆಲಸಕ್ಕೆ ಹೋಗಬೇಡ ಎಂದು ನಾನು ಹೇಳುತ್ತಿಲ್ಲ. ಮೂರು ತಿಂಗಳು ಬೇರೆಯವರ ಹಿಂದೆ ಹೋಗು, ಬಾಯಿ ಮುಚ್ಚಿಕೊಂಡು ನೋಡು. ಮೇಡಂ ಬೇಡವೆಂದರೂ ನೀನೇ ಕೇಳಿ ಹೋಗು.

ಆಶೀರ್ವಾದ ಕೇಳಿದ್ದೀಯ, ತಗೋ. ಒಳ್ಳೆಯದಾಗಲಿ. ಮೊದಲು ಆ ಮಕ್ಕಳಿಗೆ, ಆಮೇಲೆ ನಿನಗೆ.

ನಿನ್ನ ಅಣ್ಣ

ಇನ್ನೊಂದು ಮಾತು. ಬರೆಯಬಾರದು ಅಂದುಕೊಂಡಿದ್ದೆ. ನಮ್ಮ ಮನೆಮಗಳ ತಪ್ಪಿನಿಂದ ನೊಂದ ಮಗುವಿಗೆ ನಮ್ಮ ಮನೆಯಲ್ಲೇ ಜಾಗ ಆಗಬೇಕು ಎಂದು ಹಠ ಹಿಡಿದು ಅತ್ತಿಗೆ ಆ ಹುಡುಗಿಯನ್ನು ಸಾಕಲು ಕರೆತಂದಳು. ಅವತ್ತಿನಿಂದ ನೀನು ನಮ್ಮ ಹೊಸ್ತಿಲು ತುಳಿದಿಲ್ಲ. ನನ್ನ ಆಪರೇಷನ್ ಆದಾಗಲೂ ಅವಳು ಶಾಲೆಗೆ ಹೋದ ಹೊತ್ತು ನೋಡಿ ಆಸ್ಪತ್ರೆಗೆ ಬಂದು ಹೋದೆ. ಒಡಹುಟ್ಟಿದವಳು ಕಳ್ಳಿಯ ಹಾಗೆ. ಮೊನ್ನೆ ನಿನ್ನ ಸುದ್ದಿ ಕೇಳಿ ಅವಳು, "ಈ ಸಲಾನೂ ಅವರು ಮುಂಚೆ ಫೋನ್ ಮಾಡೇ ಹೋಗ್ತಾರಾ?" ಎಂದಳು. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ನೀನು ಬಾ, ಅವಳ ಮುಖ ನೋಡಿ ಹೇಳು. ಬರುವ ಮುಂಚೆ ಫೋನ್ ಮಾಡಬೇಡ. ನೀನು ಕೆಲಸಕ್ಕೆ ಸೇರುವ ಹದಿನೈದನೇ ತಾರೀಖಿನೊಳಗೆ ಅವಳಿಗೆ ಉತ್ತರ ಬೇಕು.